ಜಾಯಿಕಾಯಿ ಮಾರುವವಳಿಗೆ ಮೊದಲು ತಿಳಿದ ಸುದ್ದಿ

ನನ್ನ ಗಂಡನ ಕೆಲಸ ಹೋದ ಸುದ್ದಿಯನ್ನು ನಾನು ಕೇಳಿದ್ದು ಗ್ರೆನಡಾ ಎಂಬ ಕೆರಿಬಿಯನ್ ದ್ವೀಪದ ಸಂತೆಯಲ್ಲಿ. ಹೇಳಿದ್ದು ಗಂಡನೇ. ಆದರೆ ನನಗಲ್ಲ, ಜಾಯಿಕಾಯಿ ಮಾರುವ ಹೆಂಗಸಿಗೆ.

(ಗಂಡನ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ‘ಬರಿ, ಆದ್ರ ನನ್ನ ಹೊಟ್ಟಿ ಬಗ್ಗೆ ಬರೀಬ್ಯಾಡ’ ಎಂದಿದ್ದಾರೆ. ಬರೆಯುವುದಿಲ್ಲ.)

ನಾವು ಅಮೆರಿಕದ ಡೆಟ್ರಾಯ್ಟ್ ಪಕ್ಕದ ನೋವೈಗೆ ಬಂದು ಹದಿನಾಲ್ಕು ವರ್ಷ. ಅಷ್ಟು ವರ್ಷವೂ ನಮ್ಮ ಪ್ರವಾಸವೆಂದರೆ ನಯಾಗರ. ಬಂದ ನೆಂಟರಿಗೆಲ್ಲ ತೋರಿಸಿ ತೋರಿಸಿ ಆ ಜಲಪಾತಕ್ಕೇ ನಮ್ಮ ಮುಖಪರಿಚಯ ಆಗಿರಬೇಕು. ಅಂಥವರು ಹೋದ ವರ್ಷದ ಬೇಸಿಗೆಯಲ್ಲಿ ಏನು ಹುಮ್ಮಸ್ಸು ಬಂತೋ, ಫೆಬ್ರವರಿಯ ಶಾಲೆ ರಜೆಗೆಂದು ಗ್ರೆನಡಾಕ್ಕೆ ಟಿಕೆಟ್ ಬುಕ್ ಮಾಡಿದೆವು. ಕ್ಯಾನ್ಸಲ್ ಮಾಡುವಂತಿಲ್ಲದ ಟಿಕೆಟ್.

ಬುಕ್ ಮಾಡಿದಾಗ ಎಲ್ಲರಿಗೂ ಕೆಲಸವಿತ್ತು. ಫೆಬ್ರವರಿಯ ಹೊತ್ತಿಗೆ ಡೆಟ್ರಾಯ್ಟ್ ಸುತ್ತಮುತ್ತ ಲೇಆಫ್ ಆಗದ ಬೀದಿಯೇ ಉಳಿದಿರಲಿಲ್ಲ. ದೇವಸ್ಥಾನದ ಕ್ಯಾಂಟೀನಿನಲ್ಲಿ ‘ಕೆಲ್ಸ ಹೇಗಿದೆ?’ ಎಂದು ಕೇಳುವುದನ್ನೇ ಜನ ಬಿಟ್ಟಿದ್ದರು. ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಮೈನಸ್ ಹನ್ನೆರಡು ಡಿಗ್ರಿ ಚಳಿಯ ಬಗ್ಗೆ ಎಷ್ಟು ಹೊತ್ತು ಮಾತಾಡಬಹುದು? ತುಂಬಾ ಹೊತ್ತು ಮಾತಾಡಬಹುದು.

ನಮ್ಮವರ ಹೆಸರು ಅವಿನಾಶ. ಧಾರವಾಡದವರು. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಸೀಲ್‌ಗಳ ಡಿಸೈನ್ ಮಾಡುವುದು ಅವರ ಕೆಲಸ. ಒಳಗೆ ಮಳೆ ನೀರು ಬರದಿದ್ದರೆ, ಗಾಳಿಯ ಸದ್ದು ಕೇಳದಿದ್ದರೆ ಅದು ಅವರಂಥವರ ಪುಣ್ಯ. ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಆಫೀಸಿಗೆಂದು ದಿನಾ ಡಿಯರ್‌ಬಾರ್ನ್‌ಗೆ ಡ್ರೈವ್ ಮಾಡುತ್ತಿದ್ದರು.

ಶುಕ್ರವಾರ ಹೊರಟೆವು. ಅವರು, ಮೈಸೂರಿನವಳಾದ ನಾನು, ಹನ್ನೊಂದು ವರ್ಷದ ಮಗಳು ಮೇಖಲಾ. ಶನಿವಾರ ಬೆಳಗ್ಗೆಯೇ ಸಂತೆಗೆ ಹೋದೆವು. ಅಲ್ಲಿ ಶನಿವಾರವೇ ದೊಡ್ಡ ಸಂತೆ.

ಸಂತೆ ಎಂದರೆ ಅದು ಸಂತೆ. ಸೌದೆಯಂತೆ ಕಟ್ಟಿಟ್ಟ ದಾಲ್ಚಿನ್ನಿ. ಹಲಸಿನ ತಮ್ಮನಂಥ ಜೀಗುಜ್ಜೆಯ ರಾಶಿ. ಕೆಸುವಿನ ಎಲೆಯ ಕಟ್ಟುಗಳು. ಬುರುಡೆಕಾಯಿಯ ಚಿಪ್ಪು ಕೊರೆದು ಮಾಡಿದ ಬಟ್ಟಲು, ಹುಲ್ಲಿನ ಬುಟ್ಟಿ, ಬಿದಿರಿನ ಲೋಟ. ಒಬ್ಬಳು ನನ್ನ ಕೈಗೆ ಹಳದಿ ಪುಡಿಯ ಪೊಟ್ಟಣ ಕೊಟ್ಟು ‘ಸ್ಯಾಫ್ರನ್’ ಎಂದಳು. ಮೂಸಿದೆ. ಅರಿಶಿನ! ಅಲ್ಲಿ ಅರಿಶಿನವನ್ನೇ ಹಾಗೆನ್ನುತ್ತಾರಂತೆ. ಮೈಸೂರಿನವಳಿಗೆ ಅರಿಶಿನವನ್ನು ಕೇಸರಿ ಎಂದು ಕೊಟ್ಟರೆ ಏನು ಮಾಡಬೇಕು? ಕೊಂಡುಕೊಂಡೆ.

ಯಾಕೆಂದರೆ ಪಕ್ಕದಲ್ಲಿ ಗಂಡ ‘ತಗೋ, ತಗೋ’ ಎನ್ನುತ್ತಿದ್ದರು. ನಾನು ಅಂಗಡಿಗೆ ಹೋದರೆ ಹೊರಗೆ ನಿಂತು ವಾಚು ನೋಡುವ ಮನುಷ್ಯ! ಬುಟ್ಟಿ ತಗೋ. ಇನ್ನೊಂದ್ ತಗೋ. ಸಮುದ್ರದ ಗಾಳಿಯ ಪ್ರಭಾವ ಎಂದುಕೊಂಡೆ.

ಮಸಾಲೆಯ ಸಾಲಿನಲ್ಲಿ ದೊಡ್ಡ ಕೊಡೆಯ ಕೆಳಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತಿದ್ದಳು. ಮಿಸ್ ಎಸ್ತರ್ ಅಂತ. ಜಾಯಿಕಾಯಿ, ಲವಂಗ, ದಾಲ್ಚಿನ್ನಿ ಚೂರು ಪೋಣಿಸಿ ಸರ ಮಾಡುತ್ತಿದ್ದಳು. ಅಡುಗೆಮನೆಯಲ್ಲಿ ತೂಗುಹಾಕಿದರೆ ವರ್ಷವಿಡೀ ಘಮ ಬರುತ್ತದಂತೆ. ಗಂಡನನ್ನು ಅಲ್ಲಿ ಕೂರಿಸಿ, ಮಗಳನ್ನು ಕರೆದುಕೊಂಡು ಬಟ್ಟಲು ನೋಡಲು ಹೋದೆ. ಮಗಳು ಐಸ್‌ಕ್ರೀಮಿನ ಸಾಲಿನಲ್ಲಿ ನಿಂತಳು. ನಾನು ಗಂಡನ ಬಳಿ ಬಿಟ್ಟಿದ್ದ ಪರ್ಸಿಗಾಗಿ ವಾಪಸು ಬಂದೆ. ಹಿಂದಿನಿಂದ ಬಂದೆ. ಕೊಡೆ ಅಡ್ಡವಿತ್ತು.

‘ನಿನ್ನ ಕೆಲಸ ಏನು?’ ಎಂದು ಮಿಸ್ ಎಸ್ತರ್ ಕೇಳುತ್ತಿದ್ದಳು, ಇಂಗ್ಲಿಷಿನಲ್ಲಿ.

‘ಬುಧವಾರದವರೆಗೆ ಕಾರಿನ ಬಾಗಿಲಿಗೆ ಸೀಲ್ ಡಿಸೈನ್ ಮಾಡುತ್ತಿದ್ದೆ.’

‘ಗುರುವಾರದಿಂದ?’

‘ಏನೂ ಇಲ್ಲ.’

ಅವಳು ‘ಅಯ್ಯೋ’ ಎನ್ನಲಿಲ್ಲ. ಒಂದು ಜಾಯಿಕಾಯಿಗೆ ತೂತು ಕೊರೆದಳು. ‘ಹೆಂಡತಿಗೆ ಗೊತ್ತೇ?’

‘ಇಲ್ಲ. ಇಷ್ಟು ವರ್ಷದ ಮೇಲೆ ಸಂತೋಷವಾಗಿ ರಜೆಗೆ ಬಂದಿದ್ದಾಳೆ. ಮನೆಗೆ ಹೋದ ಮೇಲೆ ಹೇಳುತ್ತೇನೆ.’

ಮಿಸ್ ಎಸ್ತರ್ ತನ್ನ ಕಥೆ ಹೇಳಿದಳು. ಬೆಟ್ಟದ ಮೇಲೆ ಅವಳದೇ ಜಾಯಿಕಾಯಿ ತೋಟವಿತ್ತು. ಕೆಲವು ವರ್ಷಗಳ ಹಿಂದೆ ಬಂದ ಚಂಡಮಾರುತಕ್ಕೆ ಎಲ್ಲ ಮರ ಬಿದ್ದವು. ಮತ್ತೆ ನೆಟ್ಟಿದ್ದಾಳೆ. ಇನ್ನೂ ಕಾಯಿ ಬಿಟ್ಟಿಲ್ಲ. ಬಿಡುವವರೆಗೆ ಪಕ್ಕದವರ ಕಾಯಿ ಕೊಂಡು ಸರ ಮಾಡುತ್ತಾಳೆ. ಇಷ್ಟು ಹೇಳಿ, ‘ಸುಮ್ಮನೆ ಕೂತು ಮಾತಾಡಬೇಡ’ ಎಂದು ನನ್ನ ಗಂಡನ ಕೈಗೆ ಸೂಜಿ ದಾರ ಕೊಟ್ಟಳು.

ಅವರು ಪೋಣಿಸತೊಡಗಿದರು.

ನನಗೆ ಮೊದಲು ಬಂದಿದ್ದು ಸಿಟ್ಟು. ಕೆಲಸ ಹೋಯಿತೆಂದಲ್ಲ. ಅವಳಿಗೆ ಹೇಳಿದರಲ್ಲ ಎಂದು. ಐದು ನಿಮಿಷದ ಪರಿಚಯದವಳಿಗೆ! ಮುಂದೆ ಹೋಗಿ ಕೇಳಿಯೇಬಿಡೋಣ ಎಂದು ಹೆಜ್ಜೆ ಇಟ್ಟೆ. ಕೊಡೆಯ ಅಂಚಿನಿಂದ ಅವರ ಮುಖ ಕಂಡಿತು. ನಾಲಗೆ ತುಸು ಹೊರಗಿಟ್ಟುಕೊಂಡು, ಲವಂಗ ಮುರಿಯದಂತೆ ಪೋಣಿಸುತ್ತಿದ್ದರು. ಎಷ್ಟೋ ದಿನಗಳಿಂದ ಆ ಮುಖ ಅಷ್ಟು ಹಗುರವಾಗಿದ್ದನ್ನು ನೋಡಿರಲಿಲ್ಲ.

ಹಿಂದಕ್ಕೆ ಬಂದೆ. ಎಲ್ಲಿ ಹೋಗಬೇಕೋ ತಿಳಿಯದೆ ಮೀನಿನ ಕಡೆ ಹೋದೆ. ಹುಟ್ಟಿನಿಂದ ಸಸ್ಯಾಹಾರಿಯಾದ ನಾನು ಹತ್ತು ನಿಮಿಷ ಮೀನುಗಳನ್ನೇ ನೋಡುತ್ತ ನಿಂತೆ. ಮಾರುವವನು ಎರಡು ಸಲ ರೇಟು ಇಳಿಸಿದ.

ಆಮೇಲೆ ಜೋರಾಗಿ ಕೆಮ್ಮುತ್ತ ವಾಪಸು ಬಂದೆ.

‘ನೋಡಿಲ್ಲೆ, ನಾನ ಪೋಣಿಸೀನಿ’ ಎಂದು ಸರ ಎತ್ತಿ ತೋರಿಸಿದರು.

‘ಚೆನ್ನಾಗಿದೆ ರೀ’ ಎಂದೆ. ಮಿಸ್ ಎಸ್ತರ್ ನನ್ನನ್ನು ಒಮ್ಮೆ ನೋಡಿದಳು. ನಾನು ಕೇಳಿಸಿಕೊಂಡದ್ದು ಗೊತ್ತಾಗಿತ್ತು ಅವಳಿಗೆ. ಸರಕ್ಕೆ ಪೂರ್ತಿ ರೇಟು ತೆಗೆದುಕೊಂಡಳು. ಪೋಣಿಸಿದ ಕೂಲಿ ಕಳೆಯಲಿಲ್ಲ.

ಮುಂದಿನ ನಾಲ್ಕು ದಿನ ನಮ್ಮ ಸಂಸಾರ ನಾಟಕ ಕಂಪನಿಯಾಯಿತು. ಅವರು ‘ಬೋಟಿನಾಗ ಹೋಗೋಣು’ ಎಂದರೆ ನನಗೆ ತಲೆಸುತ್ತು. (ಬೋಟು ಹತ್ತಿದವಳೇ ಅಲ್ಲ.) ಎಳನೀರು ಎಂದರೆ ಶೀತ. ಟೋಪಿ ಎಂದರೆ ಕೂದಲು ಉದುರುತ್ತದೆ. ಅವರ ಹಟ ಖರ್ಚು ಮಾಡಿಸಲು, ನನ್ನ ಹಟ ತಪ್ಪಿಸಲು. ಇಬ್ಬರೂ ನಗುನಗುತ್ತಲೇ ಇದ್ದೆವು. ದವಡೆ ನೋಯುವಷ್ಟು.

ಬುಧವಾರ ಮಧ್ಯಾಹ್ನ ಬೀಚಿನ ಹತ್ತಿರದ ಸಣ್ಣ ಹೋಟೆಲಿನಲ್ಲಿ ಕೂತಿದ್ದೆವು. ಅಲ್ಲಿಯವರ ಮನೆಯೂಟವನ್ನು ನಮಗಾಗಿ ಮಾಂಸವಿಲ್ಲದೆ ಮಾಡಿಕೊಟ್ಟಿದ್ದರು. ಜೀಗುಜ್ಜೆ, ಕೆಸುವಿನ ಸೊಪ್ಪು, ತೆಂಗಿನಹಾಲು, ಅರಿಶಿನ ಹಾಕಿ ಬೇಯಿಸಿದ್ದು. ಒಂದೇ ಪ್ಲೇಟು, ಮೂರು ಚಮಚ. ನನಗೆ ಹಸಿವಿಲ್ಲ ಎಂದು ನಾನೇ ಒಂದಕ್ಕೆ ಇಳಿಸಿದ್ದೆ.

ಮೇಖಲಾ ಚಮಚ ಕೆಳಗಿಟ್ಟಳು.

‘ಅಮ್ಮ, ಅಪ್ಪ ಗಾಟ್ ಲೇಡ್ ಆಫ್. ಅಪ್ಪ, ಅಮ್ಮ ನೋಸ್. ಕ್ಯಾನ್ ಐ ಗೆಟ್ ಮೈ ಓನ್ ಪ್ಲೇಟ್?’

ಅವಳಿಗೆ ಶುಕ್ರವಾರವೇ ಗೊತ್ತಿತ್ತು. ಸೂಟ್‌ಕೇಸ್ ಇಡುವಾಗ ಕಾರಿನ ಡಿಕ್ಕಿಯಲ್ಲಿ ರಟ್ಟಿನ ಡಬ್ಬ ಕಂಡಿದ್ದಳು. ಅದರಲ್ಲಿ ಅಪ್ಪನ ಕಾಫಿ ಮಗ್ಗು, ತಾನು ಕಿಂಡರ್‌ಗಾರ್ಟನ್‌ನಲ್ಲಿ ಬರೆದ ಆನೆಯ ಚಿತ್ರ. ಆ ಆನೆ ಅಪ್ಪನ ಆಫೀಸಿನ ಗೋಡೆಯ ಮೇಲಿರಬೇಕಾದ್ದು. ನನ್ನ ವಿಷಯ ಹೇಗೆ ಗೊತ್ತಾಯಿತು? ‘ಯೂ ಸ್ಟಾಪ್ಡ್ ಶಾಪಿಂಗ್’ ಎಂದಳು.

ಆಗ ಅವರು ಹೇಳಿದರು. ಹಿಂದಿನ ಬುಧವಾರ ಆಫೀಸಿನಲ್ಲಿ ಮೂರು ಗಂಟೆಗೆ ಕರೆದದ್ದು, ನಾಲ್ಕಕ್ಕೆ ಸಾಮಾನು ತುಂಬಿಕೊಳ್ಳಲು ಡಬ್ಬ ಕೊಟ್ಟದ್ದು. ಗುರುವಾರ ಎಂದಿನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟು, ಲೈಬ್ರರಿಯ ಪಾರ್ಕಿಂಗ್ ಲಾಟಿನಲ್ಲಿ ಹೀಟರ್ ಹಾಕಿಕೊಂಡು ಕೂತದ್ದು. ನಾನು ಕಟ್ಟಿಕೊಟ್ಟ ಚಿತ್ರಾನ್ನವನ್ನು ಹತ್ತೂವರೆಗೇ ತಿಂದದ್ದು.

‘ಛಲೋ ಆಗಿತ್ತು’ ಎಂದರು.

‘ಮನೆಗೆ ಬಂದು ಹೇಳ್ಬಾರ್ದಿತ್ತಾ ರೀ?’

‘ನೀ ಹಾಡು ಹೇಳ್ಕೋತ ಸೂಟ್‌ಕೇಸ್ ತುಂಬ್ಲಿಕ್ಕತ್ತಿದ್ದಿ. ಹೆಂಗ ಹೇಳ್ಲಿ?’

‘ಆ ಜಾಯಿಕಾಯಿಯವಳಿಗೆ ಹೇಳಿದ್ರಲ್ಲ?’

‘ಆಕಿಗೆ ಹೇಳಿದ್ರ ಆಕಿ ಅಳಾಂಗಿಲ್ಲಲ್ಲ.’

ನಾನೂ ಅಳಲಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ಮಗಳು ಸಾಕ್ಷಿ. ಹೋಟೆಲಿನವಳು ಖಾರ ಹೆಚ್ಚಾಯಿತೆಂದು ನೀರು ತಂದಿಟ್ಟಳು. ಇನ್ನೆರಡು ಪ್ಲೇಟು ತರಿಸಿದೆವು. ಮರುದಿನ ಬೋಟಿನಲ್ಲೂ ಹೋದೆವು. ನನಗೆ ನಿಜವಾಗಿ ತಲೆ ಸುತ್ತಿತು.

ಇದಾಗಿ ಒಂಬತ್ತು ತಿಂಗಳು. ಏಳು ತಿಂಗಳು ಅಪ್ಲೈ ಮಾಡಿ ಮಾಡಿ, ಈಗ ಶಿಕಾಗೋ ಹತ್ತಿರದ ಇಟಾಸ್ಕಾದಲ್ಲಿ ಕೆಲಸ ಸಿಕ್ಕಿದೆ. ಕಾರಿನದಲ್ಲ, ಔಷಧಿ ಬಾಟಲಿಯ ಮುಚ್ಚಳದ್ದು. ಸೋಮವಾರ ಬೆಳಗ್ಗೆ ಹೊರಟು ಐದು ಗಂಟೆ ಡ್ರೈವ್ ಮಾಡುತ್ತಾರೆ. ಶುಕ್ರವಾರ ಬರುತ್ತಾರೆ. ನಡುವೆ ಫೋನಿನಲ್ಲಿ ಎಲ್ಲ ಹೇಳುತ್ತಾರೆ. ಮುಚ್ಚಳದ ಬಗ್ಗೆ ಇಷ್ಟು ಹೇಳುವುದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೋದ ವಾರ ದೇವಸ್ಥಾನದ ಕ್ಯಾಂಟೀನಿನಲ್ಲಿ ಪಕ್ಕ ಕೂತ ಪರಿಚಯದ ಆಂಟಿಯೊಬ್ಬರಿಗೆ ಇದನ್ನೆಲ್ಲ ಹೇಳಿದೆ, ಯಾವ ಮುಚ್ಚುಮರೆಯೂ ಇಲ್ಲದೆ. ಅವರು ಇಡ್ಲಿ ಬಿಟ್ಟು ನನ್ನ ಕೈ ಹಿಡಿದುಕೊಂಡರು.

‘ನಮ್ಮನೆಯವರ್ದೂ ಹೋಯ್ತಮ್ಮಾ. ಆಗಸ್ಟ್‌ನಲ್ಲೇ. ಯಾರಿಗೂ ಹೇಳ್ಬೇಡ. ನನಗೆ ಗೊತ್ತು ಅಂತ ಅವರಿಗೇ ಗೊತ್ತಿಲ್ಲ.’

ಅಂದಹಾಗೆ, ನಿಮ್ಮ ಮನೆಯ ಸುದ್ದಿ ಸದ್ಯ ಯಾವ ಅಂಗಡಿಯವರಿಗೆ ಗೊತ್ತಿದೆ?