ಲೆಕ್ಕಕ್ಕಿಲ್ಲದ ಕೂಪನ್

ಕೂಪನ್ ಎಂದರೆ ನನಗೆ ವಿಪರೀತ ಮೋಹ. ರಿಯಾಯಿತಿ ಇದೆಯೆಂದು ಬೇಡದಿದ್ದರೂ ಮೂರು ಬಾಟಲಿ ಶಾಂಪೂ ಹೊತ್ತು ತರುವವನು ನಾನು. ತಲೆಯಲ್ಲಿ ಕೂದಲು ಎಷ್ಟು ಉಳಿದಿದೆ ಎಂದು ಮಾತ್ರ ಕೇಳಬೇಡಿ. ಹೆಂಡತಿ ರೇವತಿಯ ಬೆರಳುಗಳ ಕೀಲುನೋವಿನ ದುಬಾರಿ ಇಂಜೆಕ್ಷನ್‌ಗೆ ನಮ್ಮ ಪಾಲಿನ ಹಣವನ್ನು ಔಷಧ ಕಂಪನಿಯೇ ಕಟ್ಟುವ ಕೂಪನ್ ಇದೆ ಎಂದು ತಿಳಿದಾಗ, ಅಮೆರಿಕದ ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನ ಫಾರ್ಮಸಿಯಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದೆ.

ಬೇಸಿಗೆಯ ಹೊತ್ತಿಗೆ ಕೂಪನ್ನಿನಲ್ಲಿದ್ದ ವರ್ಷದ ಹಣವೆಲ್ಲ ಮುಗಿಯಿತು. ಇಲ್ಲಿ ವರ್ಷಕ್ಕೆ ಇಂತಿಷ್ಟು ಖರ್ಚನ್ನು ಮೊದಲು ನಾವೇ ಭರಿಸಬೇಕು, ಆಮೇಲಷ್ಟೇ ಇನ್ಶೂರೆನ್ಸ್‌ನವರು ಕೈಬಿಚ್ಚುವುದು. ಆ ಮೊತ್ತ ಎಂದೋ ತುಂಬಿರಬೇಕೆಂದು ಫೋನ್ ಮಾಡಿದರೆ, ಕೂಪನ್ನಿನ ಹಣ ನಿಮ್ಮದಲ್ಲವಲ್ಲ, ಅದನ್ನು ಸೇರಿಸಿಲ್ಲ ಎಂದರು. ಮೈಸೂರಿನ ನಮ್ಮ ಬೀದಿಯಲ್ಲಿ ಚಿಕ್ಕ ಮಕ್ಕಳು ಅಳುತ್ತವೆಂದು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದೆವು. ಅವು ಎಷ್ಟು ಓಡಿದರೂ, ಯಾರನ್ನು ಮುಟ್ಟಿದರೂ ‘ಲೆಕ್ಕಕ್ಕಿಲ್ಲ’. ನಮ್ಮ ಕೂಪನ್ನಿನದೂ ಅದೇ ಪಾಡು ಎಂದು ಅಮೆರಿಕಕ್ಕೆ ಬಂದು ಇಷ್ಟು ವರ್ಷದ ಮೇಲೆ ಅರ್ಥವಾಯಿತು.

ಕೈಯಿಂದಲೇ ಹಣ ಕಟ್ಟಬೇಕಿದ್ದ ಮುಂದಿನ ಇಂಜೆಕ್ಷನ್ ಹತ್ತಿರ ಬಂದಂತೆ ರೇವತಿ, ಬೆರಳು ಈಗ ಪರವಾಗಿಲ್ಲ, ಔಷಧ ಬೇಡವೇ ಬೇಡ ಎನ್ನತೊಡಗಿದಳು. ಹಾಗೆನ್ನುತ್ತಲೇ ಕಾಫಿ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತುತ್ತಿದ್ದಳು. ನನಗೆ ಹೆದರಿಕೆಯಾಯಿತು.

ಫಾರ್ಮಸಿಯವರೇ ದಾರಿ ತೋರಿಸಿದರು. ಅಗ್ಗದ ಬದಲಿ ಇಲ್ಲದ ಇಂಥ ಔಷಧಕ್ಕೆ ಕೂಪನ್ ಹಣವನ್ನೂ ಸೇರಿಸಲೇಬೇಕೆಂದು ಜಾರ್ಜಿಯಾದಲ್ಲಿ ನಿಯಮವಿದೆ, ನಿಮ್ಮ ಪಾಲಿಸಿ ಅದರಡಿ ಬರುವಂತಿದೆ, ರಾಜ್ಯದ ವಿಮಾ ಇಲಾಖೆಗೆ ದೂರು ಕೊಡಿ ಎಂದರು. ದೂರು! ಸರ್ಕಾರವೆಂದರೆ ಎಲ್ಲ ಒಂದೇ ಎಂದು ನಂಬಿ ಬೆಳೆದವನು ನಾನು. ಎಲ್ಲಿ ಇದು ನನ್ನ ವೀಸಾ ಕಡತಕ್ಕೆ ಹೋಗಿ ಕೂರುತ್ತದೋ ಎಂದು ನಿದ್ದೆಗೆಟ್ಟೆ. ಕೊನೆಗೂ ಬರೆಯಲು ಕೂತರೆ, ಸ್ಕೂಲಿನಲ್ಲಿ ಕಲಿತ ‘ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬುದೇ ಇಂಗ್ಲಿಷ್ ಅಂಗಿ ತೊಟ್ಟು ಕೈಮುಗಿದು ನಿಂತಿತು. ರೇವತಿ ಹೆಗಲ ಮೇಲಿಂದ ಇಣುಕಿದಳು.

“ಏನ್ರೀ ಇದು, ಲೀವ್ ಲೆಟರಾ? ಕಂಪ್ಲೇಂಟ್ ಮಾಡ್ರೀ.”

ಮಾಡಿದೆ. ವೀಸಾದವರು ಯಾರೂ ಬಾಗಿಲು ತಟ್ಟಲಿಲ್ಲ. ಕೆಲವು ವಾರಗಳಲ್ಲಿ ಇನ್ಶೂರೆನ್ಸ್‌ನವರೇ ಫೋನ್ ಮಾಡಿ, ಕ್ಲೇಮುಗಳನ್ನು ಮತ್ತೆ ಪರಿಶೀಲಿಸಿ ಕೂಪನ್ ಹಣ ಸೇರಿಸಿದ್ದೇವೆ, ಇಂಜೆಕ್ಷನ್ ತೆಗೆದುಕೊಳ್ಳಬಹುದು ಎಂದರು. ಕಾನೂನಿನ ಭಾಷೆ ಓದಿದರೆ ಆಕಳಿಕೆ ಬರುತ್ತದೆ ನಿಜ. ಆದರೆ ಅದನ್ನು ಬರೆದವರು ಯಾರ ಬೆರಳನ್ನೋ ನೆನೆದೇ ಬರೆದಿರಬೇಕು ಎಂದು ಅವತ್ತು ಅನ್ನಿಸಿತು.

ಸುದ್ದಿ ಹೇಳಿದಾಗ ರೇವತಿ ಸ್ಟವ್ ಆರಿಸಿ, ಕುರ್ಚಿ ಎಳೆದುಕೊಂಡು ಕೂತಳು.

“ಬೆರಳು ತುಂಬಾ ನೋಯ್ತಿದೆ ರೀ,” ಎಂದಳು.

ಹೆಂಡತಿ ನೋವೆಂದು ಹೇಳಿದ್ದನ್ನು ಕೇಳಿ ಗಂಡನೊಬ್ಬ ಇಷ್ಟು ಹಗುರಾಗಬಹುದೆಂದು ನನಗೆ ಗೊತ್ತಿರಲಿಲ್ಲ.