ಒಂದೇ ತೆಗ್ಗಿನಲ್ಲಿದ್ದ ಎರಡು ದಾರಿ

ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಗೆ ಹೋಗುವ ಇಂಟರ್ನೆಟ್ ಕೇಬಲ್ ಎಲ್ಲಾದರೂ ಕಡಿದರೆ ಯಾವ ಬದಲಿ ದಾರಿ ಹಿಡಿಯಬೇಕೆಂದು ಮೊದಲೇ ಲೆಕ್ಕ ಹಾಕಿಡುವುದು ಬಸವನ ಬಾಗೇವಾಡಿಯ ಕಚೇರಿಯಲ್ಲಿ ನನ್ನ ಕೆಲಸ.

ಅಂದು ಬೆಳಿಗ್ಗೆ ಮುದ್ದೇಬಿಹಾಳದ ಹೊರಗೆ ಕಾಲುವೆಯ ದಂಡೆ ಕುಸಿದಿತ್ತು. ಆಲಮಟ್ಟಿಯಿಂದ ನೀರು ಬಿಟ್ಟಾಗಿತ್ತು. ಅದು ಬಂದು ಮುಟ್ಟುವುದರೊಳಗೆ ಜೆಸಿಬಿ ಅಲ್ಲಿ ಅಗೆದು ದಂಡೆ ಕಟ್ಟಲೇಬೇಕು, ಅಗೆದರೆ ಬಾಗೇವಾಡಿ ಕಡೆಯ ಕೇಬಲ್ ಕಡಿಯುತ್ತದೆ. ಸಿಂದಗಿ ಕಡೆಯಿಂದ ಬೇರೆ ದಾರಿಯಿದೆ ಎಂದು ನನ್ನ ಪ್ರೋಗ್ರಾಂ ಕ್ಷಣದಲ್ಲಿ ಹೇಳಿತು.

ಖಾತ್ರಿಗೆಂದು ಕೇಬಲ್ ಹೂಳಿದ ಗುತ್ತಿಗೆದಾರರಿಗೆ ಫೋನ್ ಮಾಡಿದೆ.

“ಅಲ್ಲಿ ಎರಡೂ ಕೇಬಲ್ ಒಂದ ತೆಗ್ಗಿನ್ಯಾಗ ಅದಾವ್ರಿ ಮೇಡಂ. ಜೋಳ ಕಿತ್ತ ಮ್ಯಾಲೆ ಹೊಲದವರು ಒಮ್ಮೆ ಅಗಿಯಾಕ ಬಿಟ್ರು. ಎರಡನೇ ಸಲ ಹೋಗಿದ್ರ ಬಾರಕೋಲ ತಗೊಂಡ ಹೊಡಿಯಾಕ ಬರತಿದ್ರು.”

ನಕ್ಷೆಯಲ್ಲಿ ಎರಡು ಗೆರೆ, ಮಣ್ಣಿನಲ್ಲಿ ಒಂದೇ. ಒಂದನ್ನೊಂದು ಮುಟ್ಟದ ಎರಡು ಗೆರೆ ಹುಡುಕುವುದು ಸುಲಭದ ಲೆಕ್ಕ. ಯಾವ ಗೆರೆ ಯಾವುದರ ಜೊತೆ ತೆಗ್ಗು ಹಂಚಿಕೊಂಡಿದೆ ಎಂಬುದನ್ನೂ ಸೇರಿಸಿದರೆ, ಜಾಲ ಬೆಳೆದಂತೆ ಆ ಲೆಕ್ಕ ಯಂತ್ರದ ಕೈಗೂ ಸಿಗುವುದಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಊರಿನ ದಾರಿ. ಹಾಳೆಯ ಮೇಲೆ ಬರೆದು ಹೊಡೆದುಹಾಕುತ್ತ ಹೋದೆ. ಉಳಿದದ್ದು ಆಲಮಟ್ಟಿಯ ಟವರಿನಿಂದ ಬರುವ ಸಣ್ಣ ವೈರ್‌ಲೆಸ್ ದಾರಿ. ಇಡೀ ಊರನ್ನು ಅದು ಹೊರಲಾರದು.

ಅಷ್ಟರಲ್ಲಿ ಮುದ್ದೇಬಿಹಾಳದ ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದರು. ಎದೆನೋವೆಂದು ಬಂದ ಹೆಂಗಸಿನ ಇಸಿಜಿ ವಿಜಯಪುರದ ಡಾಕ್ಟರಿಗೆ ಹೋಗಬೇಕು. ಅವರು ನೋಡಿ ಹೇಳದೆ ಇಂಜೆಕ್ಷನ್ ಕೊಡುವಂತಿಲ್ಲ. “ನೆಟ್ ಹೋಗಂಗಿಲ್ಲ ಹೌದಲ್ರಿ?”

ಅವರನ್ನು ಲೈನಿನಲ್ಲೇ ಇರಿಸಿ, ಇನ್ನೊಂದು ಫೋನಿನಿಂದ ಕಾಲುವೆಯ ಮೇಸ್ತ್ರಿಗೆ ಕರೆ ಮಾಡಿ, “ಸ್ವಲ್ಪ ತಡೀರಿ” ಎಂದೆ.

“ನಾ ತಡಿತೇನ್ರಿ ಮೇಡಂ, ನೀರಿಗೆ ನೀವ ಹೇಳ್ರಿ. ನನ್ನ ಮಾತ ಅದು ಕೇಳಂಗಿಲ್ಲ.” ಹಿಂದೆ ಜೆಸಿಬಿ ಚಾಲೂ ಆದ ಸದ್ದು ಕೇಳಿಸಿತು.

ಆಸ್ಪತ್ರೆಯನ್ನು ಮಾತ್ರ ಟವರಿನ ದಾರಿಗೆ ಹೊರಳಿಸಿ, ಊರಿನ ಉಳಿದೆಲ್ಲವನ್ನೂ ಅಲ್ಲಿಂದ ತಡೆದೆ. ಬೆರಳು ಇನ್ನೂ ಕೀಬೋರ್ಡಿನ ಮೇಲಿರುವಾಗಲೇ ಪರದೆಯಲ್ಲಿ ಎರಡೂ ಗೆರೆ ಒಟ್ಟಿಗೆ ಕೆಂಪಾದವು. ಮೂರನೆಯದು, ಟವರಿನದು, ಒಮ್ಮೆ ಮಿನುಗಿ ಹಸಿರಾಯಿತು.

ನರ್ಸ್ ಲೈನಿನಲ್ಲೇ ಇದ್ದರು. ಇಸಿಜಿ ಕಳಿಸಿದೆನೆಂದರು. ಕೊನೆಗೆ, “ಡಾಕ್ಟರು ನೋಡಿದ್ರು ಮೇಡಂ. ಇಂಜೆಕ್ಷನ್ ಕೊಡಾಕತ್ತೇವಿ,” ಎಂದು ಫೋನಿಟ್ಟರು.

ಕೂಡಲೇ ಮುದ್ದೇಬಿಹಾಳದ ನಮ್ಮ ಮನೆಯಿಂದ ಅವ್ವನ ಕರೆ. “ಅಷ್ಟ ಓದಿ ಏನ ಬಂತ ನಿನಗ? ಮನ್ಯಾಗ ನೆಟ್ ಸತ್ತ ಬಿದ್ದೈತಿ!”

ಹಸಿರು ಗೆರೆಯಿಂದ ಕಣ್ಣು ಕೀಳದೆ, “ಸಂಜಿ ತನಕ ನೆಟ್ ಬರಂಗಿಲ್ಲ ಅವ್ವಾ,” ಎಂದೆ.