ಕರಿಯಮ್ಮ ಹೆರದ ಮಗಳು

ಹಿರಿಯೂರಿನ ಮನೆಯ ಹಿತ್ತಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಾಗ ನಾನು ಬೆಳೆದ ಧರ್ಮಪುರದ ಕಡೆಯಿಂದ ಫೋನು ಬಂತು. ಕರಿಯಮ್ಮನ ಮೈದುನನ ಮಗ.

"ಅಕ್ಕಾ, ದೊಡ್ಡವ್ವ ಹೋಗ್ಬಿಡ್ತು. ನಿನ್ನೇನೇ ಮಣ್ಣು ಮಾಡಿದ್ವಿ."

"ನಂಗ್ಯಾಕೆ ಹೇಳ್ಲಿಲ್ಲ ಲೇ?"

"ಸಂಬಂಧಿಕರಿಗೆಲ್ಲ ಹೇಳಿದ್ವಿ. ನೀನು ಹೊರಗಿನೋಳಲ್ವಾ, ಬೇಜಾರ್ ಮಾಡ್ಕಬ್ಯಾಡ."

ನನ್ನನ್ನು ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಳು. ಅಪ್ಪ ಬೇರೆ ಮದುವೆಯಾಗಿ ಊರು ಬಿಟ್ಟ. ಮಕ್ಕಳಿಲ್ಲದ ಪಕ್ಕದ ಮನೆಯ ಕರಿಯಮ್ಮ ನನ್ನನ್ನು ಎತ್ತಿಕೊಂಡಳು. ಉಣ್ಣೆ ನೂತು, ಕಂಬಳಿ ನೇಯಿಸಿ ಮಾರಿ ಸಾಕಿದಳು. ನನಗೆ ಅವ್ವ ಎಂದರೆ ಅವಳೇ.

ಹೊಸ ಕಂಬಳಿ ಕಂಡರೆ ಸಾಕು, ಅಂಚಿನ ಎಳೆಯೊಂದನ್ನು ಕಿತ್ತು ಬೆಂಕಿಗೆ ಹಿಡಿಯುವಳು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಪ್ಲಾಸ್ಟಿಕ್ ವಾಸನೆ ಬಂದರೆ ನೈಲಾನು. ಸಂತೆಯಲ್ಲಿ ಒಬ್ಬ ವ್ಯಾಪಾರಿ, "ನೋಡಾಕೆ ಒಂದೇ ತರ ಐತಲ್ಲಮ್ಮ, ಇದೂ ಉಣ್ಣೇನೇ ಅನ್ಕಳ್ರಿ" ಎಂದ.

"ಅನ್ಕಂಡ್ರೆ ಆಗಾಕೆ ಇದೇನು ಕಲ್ಲುದೇವ್ರೇನಪ್ಪ? ಕುರಿ ಮೈಮ್ಯಾಲೆ ಬೆಳೀದಿದ್ದು ಯಾವತ್ತಿಗೂ ಉಣ್ಣೆ ಆಗಾಕಿಲ್ಲ. ಸುಡೋತನಕ ನಮಗೆ ಗೊತ್ತಿರ್ಲಿಲ್ಲ, ಅಷ್ಟೇ."

ಶಾಲೆಯ ಜಗಳದಲ್ಲಿ ಒಬ್ಬಳು, "ಅದು ನಿನ್ನ ಹೆತ್ತವ್ವ ಅಲ್ಲ ಲೇ" ಎಂದಾಗಲೇ ನನಗೆ ವಿಷಯ ತಿಳಿದದ್ದು. ಅಳುತ್ತ ಬಂದು, "ನಾನು ನಿನ್ನ ಹೊಟ್ಟೇಲೇ ಹುಟ್ಬೇಕಿತ್ತವ್ವ" ಎಂದೆ. ಅವಳು ನೂಲುವುದನ್ನು ನಿಲ್ಲಿಸಲಿಲ್ಲ.

"ಹುಚ್ಚಿ, ನನ್ನ ಹೊಟ್ಟೇಲಿ ಹುಟ್ಟಿದ್ರೆ ಅದು ಬೇರೆ ಯಾವ್ದೋ ಕೂಸು. ನೀನೆಲ್ಲಿರ್ತಿದ್ದೆ? ನಂಗೆ ನೀನೇ ಬೇಕಿತ್ತು."

ಇಷ್ಟು ವರ್ಷ ಆ ಮಾತನ್ನು ಪ್ರೀತಿಯೆಂದೇ ಇಟ್ಟುಕೊಂಡಿದ್ದೆ. ಫೋನು ಇಟ್ಟ ಮೇಲೆ ಅದರ ಇನ್ನೊಂದು ಮಗ್ಗುಲು ಚುಚ್ಚಿತು. ದೇವರೇ ಮನಸ್ಸು ಮಾಡಿದ್ದರೂ ನಾನು ನಾನಾಗಿ ಅವಳ ಹೊಟ್ಟೆಯಲ್ಲಿ ಹುಟ್ಟುವ ದಾರಿಯೇ ಇರಲಿಲ್ಲ. ಧರ್ಮಪುರದವರು ನನ್ನಿಂದ ಕೇಳುತ್ತಿರುವುದು ಮಾತ್ರ ಅದೊಂದನ್ನೇ.

ಅವಳು ಹಾಸಿಗೆ ಹಿಡಿದು ನರಳಲಿಲ್ಲ, ಅದೊಂದು ಪುಣ್ಯ. ಹೋದ ತಿಂಗಳು ಹೋಗಿ ತಲೆ ಬಾಚಿ ಬಂದಿದ್ದೆ, ಇದೊಂದು. ಮೂರನೆಯದು ಹುಡುಕಿದೆ, ಸಿಗಲಿಲ್ಲ.

ತಲೆಗೆ ನೀರು ಸುರಿದುಕೊಂಡು ಬಂದೆ. ದಿನಾ ಸಂಜೆ ದೇವರ ದೀಪ ನನ್ನ ಕೆಲಸ. ಅಂದು ದೇವರ ಕೋಣೆಗೆ ಕಾಲಿಡಲಿಲ್ಲ.

"ನಿಂಗೆಲ್ಲಿಯ ಸೂತಕ? ಆಕೆ ಏನು ನಿನ್ನ ಹೆತ್ತೋಳಾ?" ಎಂದರು ಯಜಮಾನರು.

"ಮದುವೆಯಾದ ಮಗಳಿಗೆ ಮೂರು ದಿನ. ಅಲ್ಲೀತನಕ ನೀವೇ ಹಚ್ಚ್ರಿ" ಎಂದೆ.

ಮದುವೆಯಾದಂದಿನಿಂದ ಅವರಿಗೆ ಎದುರಾಡಿದವಳಲ್ಲ. ಅವರು ಬೆಂಕಿಪೊಟ್ಟಣ ಹುಡುಕತೊಡಗಿದರು. ಎಲ್ಲಿದೆ ಎಂದು ನಾನು ಹೇಳಲಿಲ್ಲ. ಅಡಿಗೆಮನೆಗೆ ಹೋಗಿ ಮುದ್ದೆಗೆ ಎಸರಿಟ್ಟೆ.